ಎಸ್‌ಪಿಎಫ್ 50 ಹಚ್ಚಿಕೊಂಡೇ ಬೆನ್ನು ಸುಟ್ಟುಕೊಂಡೆ

ಸನ್‌ಸ್ಕ್ರೀನ್ ಹಚ್ಚಿಕೊಂಡಾಯ್ತಲ್ಲ, ಇನ್ನೇನು ಭಯ ಅಂತ ಸಮುದ್ರಕ್ಕೆ ಇಳಿಯುವವರಿದ್ದರೆ ಇದನ್ನೊಮ್ಮೆ ಓದಿಬಿಡಿ. ನಾನೂ ಹಚ್ಚಿಕೊಂಡೇ ಇಳಿದಿದ್ದೆ. ಆಮೇಲೆ ಒಂದು ವಾರ ಬೋರಲು ಮಲಗಿದೆ.

ಬೆಳಿಗ್ಗೆ ಹತ್ತು ಗಂಟೆ ಇರಬೇಕು. ತಂಗಿ ಅಂಗೈಗೆ ಒಂದಿಷ್ಟು ಕ್ರೀಮು ಹಿಂಡಿಕೊಂಡು ನನ್ನ ಬಲ ಹೆಗಲ ಹಿಂದೆ ಪಟ್ ಅಂತ ಒತ್ತಿ, ಹಾಗೇ ಸೊಂಟದವರೆಗೆ ಎಳೆದಳು. ಇನ್ನೊಂದು ಸಲ ಹಿಂಡಲು ಹೋದವಳನ್ನು "ಸಾಕು ಬಿಡೆ, ಅಂಟಂಟು" ಅಂತ ತಡೆದವಳು ನಾನೇ. ಟ್ಯೂಬಿನ ಮೇಲೆ ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ನಂಬರು, 50 ಅಂತ ದಪ್ಪಕ್ಷರದಲ್ಲಿ ಇತ್ತು. ನನ್ನ ತಲೆಯಲ್ಲಿ ಒಂದು ಲೆಕ್ಕವೂ ಇತ್ತು: ಬರಿಮೈ ಹತ್ತು ನಿಮಿಷಕ್ಕೆ ಕೆಂಪಾದರೆ, ಇದನ್ನು ಹಚ್ಚಿಕೊಂಡ ಮೈ ಅದರ ಐವತ್ತು ಪಟ್ಟು, ಅಂದರೆ ಎಂಟು ಗಂಟೆ ತಡೆಯುತ್ತೆ. ಜೊತೆಗೆ ನನ್ನದು ಕಪ್ಪು ಮೈ, ಬಿಸಿಲು ಏನು ಮಾಡೀತು ಅನ್ನೋ ಧೈರ್ಯ ಬೇರೆ.

ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗಿನ ಮೀನು ನೋಡುತ್ತಾ ಇದ್ದುಬಿಟ್ಟರೆ ಹೊತ್ತು ಹೋಗುವುದೇ ತಿಳಿಯಲ್ಲ. ನೀರು ತಣ್ಣಗಿತ್ತು, ಬೆನ್ನಿಗೆ ಬಿಸಿಲಿನ ಕಾವೇ ತಾಗಲಿಲ್ಲ. ಮೋಸ ಹೋಗುವುದು ಅಲ್ಲೇ. ಸುಡುವುದು ಕಾವಲ್ಲ, ನೇರಳಾತೀತ ಕಿರಣ. ಅದು ಮೈಗೆ ಗೊತ್ತಾಗುವುದೇ ಇಲ್ಲ. ನೀರಿನಡಿ ಅರ್ಧ ಮೀಟರ್ ಆಳದಲ್ಲೂ ಮೇಲಿನ ಕಿರಣದ ಸುಮಾರು 40 ಪರ್ಸೆಂಟ್ ಇರುತ್ತದಂತೆ. ನನ್ನ ಬೆನ್ನಿನ ಮೇಲಿದ್ದದ್ದು ಎರಡು ಬೆರಳು ನೀರು. ಮಧ್ಯೆ ಎರಡು ಸಲ ದಡಕ್ಕೆ ಬಂದೆ, ಟವೆಲಿನಲ್ಲಿ ಚೆನ್ನಾಗಿ ಉಜ್ಜಿ ಒರೆಸಿಕೊಂಡೆ, ಮತ್ತೆ ಇಳಿದೆ. ಕ್ರೀಮು ಮತ್ತೆ ಹಚ್ಚಬೇಕು ಅಂತ ಹೊಳೆಯಲೂ ಇಲ್ಲ. ಒಂದೂವರೆಗೆ ಎದ್ದು ಬಂದಾಗ ಬೆನ್ನು ಸ್ವಲ್ಪ ಬಿಗಿದ ಹಾಗಿತ್ತು, ಅಷ್ಟೆ.

ಸಂಜೆ ಸ್ನಾನಕ್ಕೆ ನಿಂತು ಮೊದಲ ಚೊಂಬು ಸುರಿದುಕೊಂಡಾಗ ಕೂಗಿಬಿಟ್ಟೆ. ತಂಗಿ ಬಂದು ನೋಡಿ ಸುಮ್ಮನೆ ನಿಂತಳು. ಆಮೇಲೆ ಫೋಟೊ ತೆಗೆದು ತೋರಿಸಿದಳು. ಬೆನ್ನು ಪೂರ್ತಿ ಕೆಂಡದ ಬಣ್ಣ, ಬಲ ಹೆಗಲ ಮೇಲೆ ಮಾತ್ರ ಐದೂ ಬೆರಳು ಎಣಿಸಬಹುದಾದ ಒಂದು ಅಂಗೈ, ನನ್ನ ಎಂದಿನ ಮೈಬಣ್ಣದಲ್ಲಿ. ಅಲ್ಲಿಂದ ಕೆಳಕ್ಕೆ ನಾಲ್ಕು ಗೆರೆ, ಹೋಗ್ತಾ ಹೋಗ್ತಾ ತೆಳುವಾಗಿ ಸೊಂಟದ ಹತ್ತಿರ ಮಾಯ.

"ಅಕ್ಕಾ, ಇದು ನನ್ನ ಕೈ ಕಣೇ."

ಅಂದರೆ ಕ್ರೀಮು ಕೆಲಸ ಮಾಡಿತ್ತು. ಎಲ್ಲಿ ದಪ್ಪಗೆ ಬಿದ್ದಿತ್ತೋ ಅಲ್ಲಿ.

ರಾತ್ರಿ ಚಳಿ, ನಡುಕ, ವಾಂತಿ ಬಂದ ಹಾಗೆ. ಬಿಸಿಲಿನ ಸುಟ್ಟಗಾಯ ಕೆಲವು ಗಂಟೆ ತಡವಾಗಿ ಕಾಣಿಸಿಕೊಂಡು, ಮಾರನೇ ದಿನದ ಹೊತ್ತಿಗೆ ಜೋರಾಗುತ್ತದೆ. ಹಾಗಾಗಿ ಬೀಚಿನಲ್ಲಿ ನಿಂತು "ಇನ್ನೂ ಕೆಂಪಾಗಿಲ್ಲ" ಅಂದುಕೊಳ್ಳುವುದರಲ್ಲಿ ಅರ್ಥವೇ ಇಲ್ಲ. ಬೆಳಗಾಗುವಷ್ಟರಲ್ಲಿ ನೀರು ತುಂಬಿದ ಗುಳ್ಳೆಗಳು ಎದ್ದಿದ್ದವು. ಚರ್ಮದ ಡಾಕ್ಟರು ನೋಡಿದ ತಕ್ಷಣ ಹೇಳಿದ್ದು ಗುಳ್ಳೆ ಒಡೆಯಬೇಡಿ, ಐಸ್ ನೇರ ಇಡಬೇಡಿ, ತಣ್ಣೀರ ಬಟ್ಟೆ ಹಾಕಿ, ನೀರು ಹೆಚ್ಚು ಕುಡಿಯಿರಿ ಅಂತ. ಆಮೇಲೆ ಕೇಳಿದರು, "ಎಷ್ಟು ಹಚ್ಚಿದ್ರಿ?"

"ಚೆನ್ನಾಗೇ ಹಚ್ಚಿದ್ದೆ ಡಾಕ್ಟ್ರೇ."

"ಟ್ಯೂಬು ಇದೆಯಾ?"

ಬ್ಯಾಗಿನಲ್ಲೇ ಇತ್ತು. 50 ಮಿಲಿಲೀಟರಿನದು. ನಾವಿಬ್ಬರು, ನಾಲ್ಕು ದಿನ. ಡಾಕ್ಟರು ಅದನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಇನ್ನೂ ಅರ್ಧ ಉಳಿದಿತ್ತು.

ಅವರು ವಿವರಿಸಿದ ಮೇಲೆಯೇ ನನಗೆ ಗೊತ್ತಾಗಿದ್ದು. ಲ್ಯಾಬಿನಲ್ಲಿ ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಕ್ರೀಮು ಬಳಿಯುತ್ತಾರೆ. ಆ ದಪ್ಪಕ್ಕೆ ಬಂದ ನಂಬರೇ ಟ್ಯೂಬಿನ ಮೇಲಿರುವುದು. ದೊಡ್ಡವರೊಬ್ಬರ ಮೈಗೆ ಆ ಲೆಕ್ಕದಲ್ಲಿ ಒಂದು ಸಲಕ್ಕೇ ಸುಮಾರು 30 ಮಿಲಿಲೀಟರ್ ಬೇಕು. ನಾವಿಬ್ಬರೂ ಸರಿಯಾಗಿ ಹಚ್ಚಿಕೊಂಡಿದ್ದರೆ ಆ ಟ್ಯೂಬು ಮೊದಲ ದಿನ ಬೆಳಿಗ್ಗೆಯೇ ಖಾಲಿಯಾಗಿ, ಇನ್ನೊಂದನ್ನೂ ಒಡೆಯಬೇಕಿತ್ತು. ಶಾಸ್ತ್ರಕ್ಕೆ ಸವರಿಕೊಂಡರೆ 50 ಅನ್ನುವುದು ಎಲ್ಲೋ ಕೆಳಗೆ ಇಳಿದಿರುತ್ತದೆ.

ಇನ್ನು ನನ್ನ ಎಂಟು ಗಂಟೆ ಲೆಕ್ಕ. ಅದು ಬರೀ ಬುರುಡೆ. ಆ ನಂಬರು ಗಡಿಯಾರವಲ್ಲ, ಚರ್ಮದ ಮೇಲೆ ಬಿದ್ದ ಕಿರಣದ ಒಟ್ಟು ಮೊತ್ತದ ವಿಷಯ. ಬೆಳಿಗ್ಗೆ ಎಂಟರ ಒಂದು ಗಂಟೆಯೂ ನಡುಹಗಲಿನ ಒಂದು ಗಂಟೆಯೂ ಒಂದೇ ಅಲ್ಲ. ಎಷ್ಟೇ ನಂಬರಿದ್ದರೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವತು ಒರೆಸಿಕೊಂಡರೆ ಆಗಲೇ. 30ಕ್ಕೂ 50ಕ್ಕೂ ಇರುವ ವ್ಯತ್ಯಾಸವೂ ನಾವಂದುಕೊಂಡಷ್ಟಿಲ್ಲ: ನೇರಳಾತೀತ ಕಿರಣದಲ್ಲಿ ಮುಖ್ಯವಾಗಿ ಚರ್ಮ ಸುಡುವ ಬಗೆ ಯುವಿಬಿ, ಅದನ್ನು ಒಂದು ಸುಮಾರು 97 ಪರ್ಸೆಂಟ್ ತಡೆದರೆ ಇನ್ನೊಂದು 98. ಯುವಿಎ ಅನ್ನುವ ಇನ್ನೊಂದು ಬಗೆಗೆ ಈ ನಂಬರು ಸಾಲದು, ಎರಡನ್ನೂ ತಡೆಯುತ್ತೆ ಅನ್ನುವ ಅರ್ಥದ ಬ್ರಾಡ್ ಸ್ಪೆಕ್ಟ್ರಮ್ ಅಂತ ಬರೆದಿದೆಯೇ ನೋಡಿ.

'ವಾಟರ್‌ಪ್ರೂಫ್' ಅನ್ನುವ ಮಾತನ್ನಂತೂ ನಂಬಲೇಬೇಡಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರ ನಿಯಮದಲ್ಲಿ ಸನ್‌ಸ್ಕ್ರೀನ್ ಲೇಬಲ್ಲಿನಿಂದ ಆ ಪದವನ್ನೇ ತೆಗೆಸಿತು. ಅಲ್ಲಿ ಬರೆಯಬಹುದಾದ್ದು 'ವಾಟರ್ ರೆಸಿಸ್ಟೆಂಟ್', ಅದೂ 40 ನಿಮಿಷವೋ 80 ನಿಮಿಷವೋ ಅಂತ ಹೇಳಿ. ನಾನು ನೀರಲ್ಲಿದ್ದದ್ದು ಮೂರು ಗಂಟೆಗೂ ಮೇಲೆ.

ಡಾಕ್ಟರು ಇನ್ನೊಂದು ಕೇಳಿದ್ದರು, ಯಾವುದಾದರೂ ಮಾತ್ರೆ ತಗೊಳ್ತಿದೀರಾ ಅಂತ. ಡಾಕ್ಸಿಸೈಕ್ಲಿನ್‌ನಂಥ ಕೆಲವು ಆಂಟಿಬಯೋಟಿಕ್ ನುಂಗುತ್ತಿದ್ದರೆ ಚರ್ಮ ಬಿಸಿಲಿಗೆ ಬೇಗ ಸುಡುತ್ತದಂತೆ. ನಾನು ತಗೊಳ್ತಿರಲಿಲ್ಲ. ನೀವು ತಗೊಳ್ತಿದ್ದರೆ ಹೊರಡುವ ಮೊದಲೇ ಕೇಳಿಕೊಳ್ಳಿ. ಕಪ್ಪು ಮೈಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನ ಸ್ವಲ್ಪ ಆಸರೆ ಇರುವುದು ನಿಜ, ಆದರೆ ನನ್ನ ಗುಳ್ಳೆಗಳು ಅದನ್ನು ಕೇಳಿ ಎದ್ದವಲ್ಲ.

ಈಗ ನೀರಿಗೆ ಇಳಿಯುವಾಗ ಉದ್ದ ತೋಳಿನ ಈಜುಡುಗೆ ಹಾಕುತ್ತೇನೆ. ಬಟ್ಟೆ ಒರೆಸಿದರೆ ಹೋಗಲ್ಲ. ಕ್ರೀಮು ಮುಖ, ಕಿವಿ, ಕತ್ತಿನ ಹಿಂಭಾಗ, ಮೊಣಕಾಲ ಹಿಂದೆ, ಪಾದದ ಮೇಲೆ, ಅದೂ ಅಂಟಂಟಾಗುವಷ್ಟು.

ಸಿಪ್ಪೆಯೆಲ್ಲ ಉದುರಿ ಹೊಸ ಚರ್ಮ ಬಂದ ಮೇಲೂ ಎರಡು ತಿಂಗಳು ಆ ಅಂಗೈ ಗುರುತು ಹೋಗಲಿಲ್ಲ, ಸುತ್ತ ಕಪ್ಪುಗಟ್ಟಿ ಇನ್ನೂ ಎದ್ದು ಕಾಣುತ್ತಿತ್ತು. ತಂಗಿ ಆಗಾಗ ಬಂದು ತನ್ನ ಕೈ ಅದರ ಮೇಲಿಟ್ಟು ಅಳತೆ ಸರಿಯಾಗಿದೆಯಾ ಅಂತ ನೋಡುತ್ತಿದ್ದಳು.