ಎಸ್ಸೆಸ್ಸೆಲ್ಸಿ ಆಯಿತು: ಪಿಯುಸಿಯೋ, ಐಟಿಐಯೋ?

ಮಗ ಪದವೀಧರನಾಗಲಿ ಎಂಬ ಆಸೆ ತಪ್ಪಲ್ಲ. ಆದರೆ ಲೆಕ್ಕ ನೋಡಿ. ಪಿಯುಸಿಗೆ 2 ವರ್ಷ, ಬಿ.ಎ., ಬಿ.ಕಾಂ.ಗೆ 3 ವರ್ಷ; ಸಂಬಳದ ಮುಖ ನೋಡುವ ಮೊದಲೇ 5 ವರ್ಷ ಕಳೆಯುತ್ತದೆ. ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐಯಲ್ಲಿ ವೆಲ್ಡರ್ ಕೋರ್ಸ್ 1 ವರ್ಷ, ಫಿಟ್ಟರ್ (ಯಂತ್ರದ ಭಾಗ ರೂಪಿಸಿ ಜೋಡಿಸುವವನು), ಎಲೆಕ್ಟ್ರಿಷಿಯನ್ 2 ವರ್ಷ. ಅನಂತರ ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುತ್ತಲೇ ಸ್ಟೈಪೆಂಡ್ ಸಿಗುತ್ತದೆ.

ಕೆಲಸವೇನೂ ಸಲೀಸಲ್ಲ. ಫಿಟ್ಟರ್ ಹುಡುಗ ಕಬ್ಬಿಣದ ತುಂಡನ್ನು ವೈಸ್‌ಗೆ ಬಿಗಿದು ಅರದಿಂದ ಉಜ್ಜಬೇಕು. ಮೂಲೆ ನೇರವಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿದಾಗ ಸಂದಿಯಲ್ಲಿ ಬೆಳಕು ನುಸುಳಿದರೆ ಮತ್ತೆ ಉಜ್ಜಬೇಕು. ಅಷ್ಟು ತಾಳ್ಮೆ ಇಲ್ಲದವನಿಗೆ ಐಟಿಐ ಬೇಡ.

ಕೆಎಎಸ್, ಪಿಎಸ್‌ಐ, ಬ್ಯಾಂಕ್ ಅಧಿಕಾರಿ ಹುದ್ದೆಗಳಿಗೆ ಪದವಿ ಬೇಕೇ ಬೇಕು. ಆ ಗುರಿ ಇದ್ದವನು ಕಾಲೇಜಿಗೆ ಹೋಗಲಿ. ನೆಂಟರ ಬಾಯಿ ಮುಚ್ಚಿಸಲು ಸೇರುವ ಬಿ.ಎ. ಮಾತ್ರ ನನಗೆ ಒಗ್ಗದು.

ಐಟಿಐ ಸೇರಿದರೆ ಓದು ಅಲ್ಲಿಗೇ ಮುಗಿಯಿತು ಎನ್ನುವುದೂ ಸುಳ್ಳು. ಎರಡು ವರ್ಷದ ಕೋರ್ಸ್ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಅದಾದ ಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಹೋಗಬಹುದು. ಶುಲ್ಕ ಕಟ್ಟುವ ಮುನ್ನ ಸಂಸ್ಥೆಯ ವರ್ಕ್‌ಶಾಪ್ ಹೊಕ್ಕು ನೋಡಿ. ಯಂತ್ರಗಳ ಮೇಲೆ ಧೂಳು ಕೂತಿದ್ದರೆ ಬೇರೆ ಸಂಸ್ಥೆ ಹುಡುಕಿ.