ಬಿಲ್ಲಿನಲ್ಲಿ ಕ್ರೌನ್ ಆಯಿಲ್ ಇದೆ, ಗಾಡಿಯಲ್ಲಿಲ್ಲ: ಫೋರ್ ವೀಲ್ ಡ್ರೈವ್ ಇಟ್ಟುಕೊಂಡವರಿಗೆ ಎಚ್ಚರಿಕೆ

ಕಲಬುರಗಿ, ಸೇಡಂ, ಚಿಂಚೋಳಿ ಕಡೆ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆಗಾಲಕ್ಕೆ ಮುಂಚೆ ಫುಲ್ ಸರ್ವಿಸ್ ಮಾಡಿಸಿ, ಬಿಲ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರು ಮೊದಲು ಓದಿ.

ನನ್ನದು ಬೊಲೆರೋ ಕ್ಯಾಂಪರ್, 2 ಲಕ್ಷ ಕಿಲೋಮೀಟರ್ ದಾಟಿದೆ. ಕೊಳವೆಬಾವಿ ಮೋಟಾರ್ ರಿಪೇರಿ ನನ್ನ ಕಸುಬು, ತೊಗರಿ ಹೊಲಗಳ ನಡುವಿನ ಬಂಡಿದಾರಿಯಲ್ಲೇ ಹೆಚ್ಚು ಓಡಾಟ. ನಮ್ಮ ಎರೆಮಣ್ಣು ಹೇಗೆಂದು ನಿಮಗೆ ಗೊತ್ತು. ಒಂದು ಮಳೆ ಬಿದ್ದರೆ ಸಾಕು, ಚಕ್ರಕ್ಕೆ ಮೆತ್ತಿ ಮಡ್‌ಗಾರ್ಡ್ ತುಂಬುತ್ತದೆ. ಶಹಾಬಾದ್, ಸೇಡಂ ಕಡೆ ಹೋದರೆ ಕಲ್ಲಿನ ಪುಡಿ, ಸಿಮೆಂಟ್ ದೂಳು. ಇಂಥ ಕಡೆ ಓಡುವ ಗಾಡಿಗೆ ಇಂಜಿನ್ ಆಯಿಲ್ ಬದಲಿಸಿದರೆ ಸಾಲದು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಹಿಂದಿನ ಕ್ರೌನ್, ಮುಂದಿನ ಕ್ರೌನ್ (ಆಕ್ಸಲ್ ನಡುವೆ ಕೂತು ಚಕ್ರಗಳಿಗೆ ಬಲ ಕೊಡುವ ಹಲ್ಲುಗಾಲಿಗಳು), ಇವೆಲ್ಲಕ್ಕೂ ಪ್ರತ್ಯೇಕ ಆಯಿಲ್. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಯಬೇಕು. ಆಕ್ಸಲ್ ಹೌಸಿಂಗ್, ಅಂದರೆ ಕ್ರೌನ್ ಕೂರುವ ಕವಚದ ಮೇಲಿನ ಬ್ರೀದರ್ (ಗಾಳಿ ಆಡುವ ಸಣ್ಣ ಕಿಂಡಿ) ಮಣ್ಣು ಕಟ್ಟಿದ್ದರೆ ಬಿಡಿಸಬೇಕು. ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಟ್ಟೇ ನಾನು ಗಾಡಿ ಬಿಟ್ಟಿದ್ದೆ.

ರಿಂಗ್ ರಸ್ತೆ ಆಚೆಗಿನ ದೊಡ್ಡ ಗ್ಯಾರೇಜ್ ಅದು. ಹೆಸರು ಬರೆಯುವುದಿಲ್ಲ, ದೂರು ಕೊಡುವವನಿದ್ದೇನೆ. ಸಂಜೆ ಗಾಡಿ ತೊಳೆದು ಕೊಟ್ಟರು. ಬಿಲ್ 18,600 ರೂಪಾಯಿ. ನಾನು ಬರೆದುಕೊಟ್ಟ ಪ್ರತಿಯೊಂದು ಕೆಲಸವೂ ಅದರಲ್ಲಿ ಸಾಲಾಗಿ ಅಚ್ಚಾಗಿತ್ತು. ಬಾನೆಟ್ ಎತ್ತಿ ಹೊಸ ಏರ್ ಫಿಲ್ಟರ್, ಹೊಸ ಡೀಸೆಲ್ ಫಿಲ್ಟರ್ ತೋರಿಸಿದರು. ಕ್ರೌನಿನಿಂದ ತೆಗೆದ ಹಳೆಯ ಆಯಿಲ್ ತೋರಿಸಿ ಎಂದೆ. ‘ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದಿದ್ದೇವೆ ಸರ್’ ಎಂದರು.

ಮಳೆ ಹಿಡಿದ ಮೇಲೆ ಚಿಂಚೋಳಿ ದಾಟಿ ಕುಂಚಾವರಂ ಕಡೆ ಹೋಗುವಾಗ ಹಿಂದಿನಿಂದ ಊಳಿಡುವ ಸದ್ದು ಶುರುವಾಯಿತು. ಆಕ್ಸಲರೇಟರ್ ಒತ್ತಿದರೆ ಜೋರು, ಬಿಟ್ಟರೆ ಬೇರೆಯದೇ ಸದ್ದು. ನಿಧಾನವಾಗಿ ಚಿಂಚೋಳಿಗೆ ತಂದು ಒಬ್ಬ ಮೆಕ್ಯಾನಿಕ್ ಬಳಿ ನಿಲ್ಲಿಸಿದೆ. ‘ಆಯಿಲ್ ಮಾತ್ರ ನೋಡಬೇಡಿ, ಮೊನ್ನೆಯಷ್ಟೇ ಹಾಕಿಸಿದ್ದೇನೆ’ ಎಂದು ಬಿಲ್ ಮುಂದೆ ಹಿಡಿದೆ. ಜೊತೆಗೆ ಮೋಟಾರ್ ತೋರಿಸಲು ಬಂದಿದ್ದ ರೈತರೂ ನಿಂತಿದ್ದರು. ಅವನು ಗಾಡಿಯ ಕೆಳಗೆ ಮಲಗಿದ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನೂ ಕೆಳಗೆ ಕರೆದು ಟಾರ್ಚ್ ಹಿಡಿದ. ಕ್ರೌನ್ ಹೌಸಿಂಗಿಗೆ ಆಯಿಲ್ ತುಂಬಿಸುವ ಬೋಲ್ಟು. ಅದರ ಅಂಚಿನ ಸುತ್ತ ಹಳೆಯ ಮಣ್ಣು ಕಲ್ಲಾಗಿ ಕೂತಿದೆ. ಅದರ ಮೇಲೆ ತುಕ್ಕಿನ ಪದರ, ಎಲ್ಲಿಯೂ ಪಾನಾ ತಾಗಿದ ಗೆರೆಯಿಲ್ಲ. ‘ಇದನ್ನು ವರ್ಷಗಳಿಂದ ಯಾರೂ ತೆಗೆದಿಲ್ಲ’ ಎಂದ. ಬಿಲ್ ಇನ್ನೂ ನನ್ನ ಕೈಯಲ್ಲೇ ಇತ್ತು. ಆ ರೈತರ ಎದುರು ತಲೆ ಎತ್ತಲಾಗಲಿಲ್ಲ. ಬೋಲ್ಟು ಬಿಚ್ಚಿದ್ದೇ ತಡ, ಹಾಲು ಬೆರೆತ ಚಹಾದ ಬಣ್ಣದ ಆಯಿಲ್ ಇಳಿಯಿತು. ನೀರು ಸೇರಿದೆ ಎಂದು ಹೇಳಬೇಕಾಗಿಯೇ ಇರಲಿಲ್ಲ. ಮ್ಯಾಗ್ನೆಟ್ ಇಟ್ಟರೆ ಲೋಹದ ಚೂರುಗಳು ಅಂಟಿಕೊಂಡವು.

ನೀರು ಹೇಗೆ ಸೇರುತ್ತದೆ ಎಂಬುದನ್ನು ಅವನೇ ಬಿಡಿಸಿ ಹೇಳಿದ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಅದರ ಮೂಲಕ ಗಾಳಿ ಒಳಗೆ ಬರುತ್ತದೆ. ಮುಚ್ಚಿದ್ದರೆ ಸವೆದ ಆಯಿಲ್ ಸೀಲುಗಳ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನನ್ನ ಬ್ರೀದರ್ ಪೂರ್ತಿ ಮುಚ್ಚಿತ್ತು. ‘ಬ್ರೀದರ್ ಕ್ಲೀನಿಂಗ್’ ಎಂದು ಬಿಲ್ಲಿನಲ್ಲಿ ಹಣ ಹಿಡಿದಿದ್ದಾರೆ!

ಕಲಬುರಗಿಗೆ ಬಂದು ಫೋಟೋ ತೋರಿಸಿದೆ. ಮೊದಲ ಉತ್ತರ: ‘ನೀವು ನೀರಿಗೆ ಇಳಿಸಿದ್ದೀರಿ, ನಮಗೇನು ಮಾಡಲು ಬರುತ್ತದೆ?’ ನೀರಿಗೆ ಇಳಿಸುವ ಗಾಡಿ ಎಂದು ಹೇಳಿಯೇ ಅಲ್ಲವೇ ಕೊಟ್ಟದ್ದು? ಬೋಲ್ಟಿನ ತುಕ್ಕು ತೋರಿಸಿದೆ. ‘ನಮ್ಮ ಹುಡುಗ ಹಾಕಿಯೇ ಇರುತ್ತಾನೆ, ಈಗ ಅವನು ಕೆಲಸ ಬಿಟ್ಟಿದ್ದಾನೆ’ ಎಂದರು. ಮತ್ತೆ ಕೇಳಿದೆ. ‘ಕ್ರೌನ್ ಆಯಿಲ್ ಲೈಫ್‌ಟೈಮ್ ಬರುತ್ತದೆ, ಬದಲಿಸುವ ಅಗತ್ಯವೇ ಇಲ್ಲ’ ಎಂದರು. ಅಗತ್ಯವಿಲ್ಲದಿದ್ದರೆ ಹಣ ಏಕೆ ತೆಗೆದುಕೊಂಡಿರಿ? ಇದಕ್ಕೆ ಉತ್ತರವಿಲ್ಲ. ಕೊನೆಗೆ ಮಾಲೀಕನೇ ಹೊರಗೆ ಬಂದ. ‘2 ಲಕ್ಷ ಓಡಿದ ಗಾಡಿ ಸರ್, ಇನ್ನೆಷ್ಟು ಬಾಳುತ್ತದೆ? ಮಾರಿಬಿಡಿ, ಗಿರಾಕಿ ನಾನೇ ಕೊಡುತ್ತೇನೆ.’ ಈ ಮಾತು ನನ್ನನ್ನು ಸುಟ್ಟಿತು. ಸರಿಯಾದ ಕಾಲಕ್ಕೆ ಆಯಿಲ್ ಕಂಡಿದ್ದರೆ ಆ ಕ್ರೌನ್ ಇನ್ನೂ ಓಡುತ್ತಿತ್ತು. ಈಗ ಕ್ರೌನ್-ಪಿನಿಯನ್, ಬೇರಿಂಗ್, ಸೀಲು ಎಲ್ಲ ಹೊಸದು ಹಾಕಿಸಬೇಕಾಯಿತು. ಬಿತ್ತನೆ ಹೊತ್ತಿನಲ್ಲಿ ಗಾಡಿ ಇಲ್ಲದೆ ಕೆಲಸವೂ ಹೋಯಿತು.

ನಾನೂ ರಿಪೇರಿ ಮಾಡಿಯೇ ಬದುಕುವವನು. ಮೋಟಾರಿಗೆ ಬೇರಿಂಗ್ ಬದಲಿಸಿದರೆ ಹಳೆಯ ಬೇರಿಂಗ್ ರೈತನ ಕೈಗೆ ಕೊಟ್ಟೇ ಹಣ ಕೇಳುತ್ತೇನೆ. ಇವರು ಬಾನೆಟ್ ಎತ್ತಿದರೆ ಕಾಣುವುದನ್ನೆಲ್ಲ ಹೊಸದು ಮಾಡಿ, ಕೆಳಗೆ ಮಲಗಿದರೆ ಮಾತ್ರ ಕಾಣುವುದನ್ನೆಲ್ಲ ಹಾಗೆಯೇ ಬಿಟ್ಟಿದ್ದಾರೆ. ಯಾರು ಮಲಗಿ ನೋಡುತ್ತಾರೆ ಎಂಬ ಧೈರ್ಯ ಅದು.

ಆದ್ದರಿಂದ ಕ್ರೌನ್, ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಿಸುವಾಗ ಅಲ್ಲೇ ನಿಲ್ಲಿ. ಆಯಿಲ್ ತುಂಬಿಸುವ ಮೇಲಿನ ಬೋಲ್ಟನ್ನು ಮೊದಲು ಬಿಚ್ಚಿಸಿ, ಆಯಿಲ್ ಇಳಿಸುವ ಕೆಳಗಿನ ಬೋಲ್ಟನ್ನು ಆಮೇಲೆ. ಮೇಲಿನದು ಬರದೇ ಹೋದರೆ ಖಾಲಿ ಹೌಸಿಂಗ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಹಳೆಯ ಆಯಿಲನ್ನು ಬೇರೆ ಡಬ್ಬಿಯಲ್ಲಿ ಹಿಡಿಸಿ ಬಣ್ಣ ನೋಡಿ. ಎಲ್ಲಕ್ಕೂ ಒಂದೇ ಆಯಿಲ್ ನಡೆಯುತ್ತದೆ ಎಂದರೆ ಒಪ್ಪಬೇಡಿ, ಗಾಡಿಯ ಕೈಪಿಡಿ ತೆಗೆಯಿರಿ. ಕ್ರೌನಿಗೆ ಹಾಕುವ ಕೆಲವು ಜಿಎಲ್-5 (ಗೇರ್ ಆಯಿಲಿನ ಒಂದು ದರ್ಜೆ) ಆಯಿಲ್‌ಗಳಲ್ಲಿನ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಹಳ್ಳ ದಾಟಿ ಬಂದ ಮೇಲೆ ಒಮ್ಮೆ ಬೋಲ್ಟು ಸಡಿಲಿಸಿ ಆಯಿಲಿಗೆ ನೀರು ಸೇರಿದೆಯೇ ನೋಡಿ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ, ಸಹಾಯವಾಣಿ 1915. ಬಿಲ್, ಬೋಲ್ಟಿನ ಫೋಟೋ, ಆಯಿಲಿನ ಬಾಟಲಿ ಮೂರನ್ನೂ ಎತ್ತಿಟ್ಟಿದ್ದೇನೆ. ರಿಂಗ್ ರಸ್ತೆ ಕಡೆ ಈ ವರ್ಷ ಸರ್ವಿಸ್ ಮಾಡಿಸಿದವರು ಇವತ್ತೇ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಹೋಗಿ. ಬೋಲ್ಟಿನ ಸುತ್ತ ಹಳೆಯ ಮಣ್ಣು ಹಾಗೆಯೇ ಇದ್ದರೆ ಒರೆಸಬೇಡಿ, ಮೊದಲು ಫೋಟೋ ತೆಗೆದುಕೊಳ್ಳಿ.