371ಜೆ ಸರ್ಟಿಫಿಕೇಟ್ ಸೇವೆ: ಜೆರಾಕ್ಸ್ ಅಂಗಡಿಯಿಂದ ಕಂಡಂತೆ

ಕಲಬುರಗಿ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ಸರ್ಕಾರಿ ಕಚೇರಿಗಳು. ಬೇಸಿಗೆ ಬಂತೆಂದರೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಅಪ್ಪ-ಅವ್ವ ಬರುತ್ತಾರೆ, ಜೊತೆಗೆ ಪಿಯುಸಿ ಮುಗಿಸಿದ ಮಗನೋ ಮಗಳೋ. ಕೇಳುವುದು ಒಂದೇ. "ಅಣ್ಣಾ, 371ಜೆಕ್ಕ ಏನೇನ್ ಬೇಕ್ರೀ?" 371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ, ಅಂದರೆ ಬೀದರ್, ಕಲಬುರಗಿ, ರಾಯಚೂರು ಕಡೆಯ ಜಿಲ್ಲೆಯವರಿಗೆ, ಸೀಟು-ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ. ಈ ಭಾಗದವರು ಅಂತ ತೋರಿಸುವ ಕಾಗದವೇ ಈ ಸರ್ಟಿಫಿಕೇಟ್. ಹೋಟೆಲ್, ಮೊಬೈಲ್ ಬಗ್ಗೆ ವಿಮರ್ಶೆ ಬರೆಯುವವರು ಬೇಕಾದಷ್ಟಿದ್ದಾರೆ. ನಮ್ಮ ಭಾಗದ ಮಕ್ಕಳ ಬದುಕನ್ನೇ ತಿರುಗಿಸುವ ಈ ಸೇವೆ ಬಗ್ಗೆ ನಾನು ಬರೆಯುತ್ತೇನೆ.

ಮೊದಲು, ಈ ಕಾಗದದಿಂದ ಏನು ಸಿಗುತ್ತದೆ. ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿಯ ಮಕ್ಕಳಿಗೆ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಸರ್ಕಾರಿ ನೌಕರಿಯಲ್ಲಿ ಈ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಿಗೆ ಶೇ. 75, ಸಿ ಗುಂಪಿಗೆ ಶೇ. 80, ಡಿ ಗುಂಪಿಗೆ ಶೇ. 85. ಬೆಂಗಳೂರಿನ ಕೋಚಿಂಗ್ ಸೆಂಟರ್ ಮಕ್ಕಳ ಜೊತೆ ನಮ್ಮ ತಾಂಡಾದ ಹುಡುಗಿ ಸರಿಸಮ ನಿಲ್ಲಬೇಕಾದರೆ ಇಷ್ಟಾದರೂ ಬೇಕು. ಯಾವ ಭಾಗ ಎಷ್ಟು ಹಿಂದುಳಿದಿದೆ ಎಂದು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಇಡೀ ರಾಜ್ಯದ ಅತಿ ಹಿಂದುಳಿದ ತಾಲೂಕುಗಳು 39. ಅದರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವೇ.

ಇನ್ನು ಕೌಂಟರ್. ಒಳ್ಳೆಯದನ್ನು ಮೊದಲು ಹೇಳಬೇಕು. ಕಾಗದ ಸರಿ ಇದ್ದವರಿಗೆ ಕೆಲಸ ಆಗುತ್ತದೆ. ಯಾವ ಎಮ್ಮೆಲ್ಲೆಯ ಪತ್ರವೂ ಬೇಕಿಲ್ಲ, ಯಾವ ಪಾರ್ಟಿ ಕಾರ್ಯಕರ್ತನ ಫೋನೂ ಬೇಕಿಲ್ಲ. ಸುಮ್ನೆ ಹೇಳುತ್ತಿಲ್ಲ, ಊರಲ್ಲಿ ಯಾರ ಪರಿಚಯವೂ ಇಲ್ಲದ ಕೂಲಿಯವರ ಮಕ್ಕಳು ಈ ಕಾಗದ ಹಿಡಿದು ನಗುತ್ತಾ ನನ್ನ ಅಂಗಡಿಗೆ ಲ್ಯಾಮಿನೇಷನ್‌ಗೆ ಬಂದಿದ್ದಾರೆ. ಅವರ ಕೈಯಿಂದ ದುಡ್ಡು ತೆಗೆದುಕೊಳ್ಳಲು ಮನಸ್ಸೇ ಬರುವುದಿಲ್ಲ.

ತೊಂದರೆ ಆಗುವುದು ಗುಳೆ ಹೋದವರಿಗೆ. ಈ ಸೌಲಭ್ಯ ಹುಟ್ಟಿನಿಂದ ಇಲ್ಲವೇ ವಾಸದಿಂದ ಈ ಭಾಗಕ್ಕೆ ಸೇರಿದವರಿಗೆ. ಹಾಗಾಗಿ ಎಲ್ಲಿ ಹುಟ್ಟಿದ್ದು, ಎಲ್ಲಿ ಇದ್ದದ್ದು, ಎಲ್ಲಿ ಓದಿದ್ದು, ಎಲ್ಲಕ್ಕೂ ದಾಖಲೆ ಬೇಕು. ಈಗ ನಮ್ಮ ಕಡೆಯ ಕುಟುಂಬ ನೋಡಿ. ಮಳೆ ಕೈಕೊಟ್ಟ ವರ್ಷ ಅಪ್ಪ-ಅವ್ವ ಮುಂಬೈಗೋ ಪುಣೆಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಮಗು ಅಲ್ಲೇ ಹುಟ್ಟಿರುತ್ತದೆ. ಎರಡನೇ ಕ್ಲಾಸು ಅಲ್ಲಿ, ಐದನೆಯದು ಇಲ್ಲಿ ಅಜ್ಜಿ ಮನೆಯಲ್ಲಿ, ನಡುವೆ ಶಾಲೆಯೇ ಇಲ್ಲ. ಆಧಾರ್‌ನಲ್ಲಿ ಒಂದು ಅಡ್ಡಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಬಡತನದಿಂದಲೇ ಊರು ಬಿಟ್ಟವರು ಅವರು. ಆ ಬಡತನಕ್ಕಾಗಿಯೇ ಬಂದ ಸೌಲಭ್ಯ ಅವರಿಗೇ ಕಷ್ಟದಲ್ಲಿ ಸಿಗಬೇಕಾ? ಒಬ್ಬ ಹೆಣ್ಣುಮಗಳು ಮಗನ ಕಾಗದ ಹಿಡಿದು ಈ ಕಚೇರಿಗೆ ಬಂದರೆ ಆ ಕಚೇರಿಗೆ ಹೋಗು ಅಂದರು. ಅಲ್ಲಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು ಆಕೆ. ನನಗೆ ಬಹಳ ಸಿಟ್ಟು ಬಂತು. ಒಳಗೆ ಹೋಗಿ ಕೇಳಿದೆ. ಕ್ಲರ್ಕ್ ಕೆಟ್ಟವರಲ್ಲ, ಅವರ ಮೇಜಿನ ಮೇಲೆ ಎದೆಮಟ್ಟ ಫೈಲು. ಜನ ಜಾಸ್ತಿ ಬರುವ ತಿಂಗಳಲ್ಲಾದರೂ ಇನ್ನೊಬ್ಬ ಸಿಬ್ಬಂದಿ ಕೊಡಬೇಕಿತ್ತು, ಯಾರೂ ಕೊಟ್ಟಿಲ್ಲ.

ಚುನಾವಣೆ ಹತ್ತಿರ ಬಂದಾಗ ನನ್ನ ಅಂಗಡಿ ಕಟ್ಟೆ ಮೇಲೆ ವಾದ ಶುರುವಾಗುತ್ತದೆ. ನಮ್ಮ ನಾಯಕ ದೊಡ್ಡವನು, ನಿಮ್ಮವನು ಸಣ್ಣವನು. ಯಾರ ಸಭೆಗೆ ಎಷ್ಟು ಜನ ಸೇರಿದ್ದರು, ಯಾರ ಹಿಂದೆ ಎಷ್ಟು ಗಾಡಿ ಇದ್ದವು, ಇದೇ ಮಾತು. ನಾನು ಮಾತ್ರ ಈ ಸರ್ಟಿಫಿಕೇಟ್ ತೋರಿಸುತ್ತೇನೆ. ಇದರ ಮೇಲೆ ಯಾವ ನಾಯಕರ ಫೋಟೋನೂ ಇಲ್ಲ. ಆದರೆ ಇದರ ಹಿಂದೆ ಎಷ್ಟು ಜನರ ಎಷ್ಟು ವರ್ಷದ ದುಡಿಮೆ ಇದೆ ಗೊತ್ತಾ?

1956ರಲ್ಲಿ ಹಳೆಯ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮರಾಠವಾಡ ಮುಂಬೈ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ, ಬೀದರ್-ಗುಲಬರ್ಗಾ-ರಾಯಚೂರು ಮೈಸೂರಿಗೆ. ಕೆಲವು ಪ್ರದೇಶಗಳಿಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ನೇ ವಿಧಿಯಲ್ಲಿ ಮರಾಠವಾಡದ ಹೆಸರು ಆಗಲೇ ಬಂತು. ಆಂಧ್ರಕ್ಕೆ 1973ರ ತಿದ್ದುಪಡಿಯಿಂದ 371ಡಿ ಬಂತು. ಒಂದೇ ನಿಜಾಮನ ಆಳ್ವಿಕೆಯಲ್ಲಿ ಹಿಂದುಳಿದವರಲ್ಲಿ ಬರಿಗೈಯಲ್ಲಿ ಉಳಿದವರು ನಾವು. ವೈಜನಾಥ ಪಾಟೀಲರು ಇದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ದಿಲ್ಲಿಯಿಂದ ಒಮ್ಮೆ ಆಗುವುದಿಲ್ಲ ಎಂಬ ಉತ್ತರವೂ ಬಂತು. ಆಮೇಲೂ ಅವರು ಬಿಡಲಿಲ್ಲ. 2012ರಲ್ಲಿ ಮಲ್ಲಿಕಾರ್ಜುನ ಖರ್ಗೆ ಕೇಂದ್ರ ಮಂತ್ರಿ, ಧರ್ಮಸಿಂಗ್ ಬೀದರ್ ಸಂಸದ. ಇಬ್ಬರೂ ದಿಲ್ಲಿಯಲ್ಲಿ ಪಟ್ಟು ಹಿಡಿದರು. ಆಗ ಕೇಂದ್ರದಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷದ ಸರ್ಕಾರ. ಸಂವಿಧಾನ ತಿದ್ದಬೇಕಾದರೆ ಮತ ಹಾಕುವವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಪಕ್ಷ ಮರೆತು ಒಪ್ಪಿದರು. ಡಿಸೆಂಬರ್‌ನಲ್ಲಿ 371ಜೆ ಸಂಸತ್ತಿನಲ್ಲಿ ಪಾಸಾಯಿತು. ಮೀಸಲಾತಿಯ ನಿಯಮಗಳು 2013ರಲ್ಲಿ ಬಂದವು.

ಇಲ್ಲಿ ನನಗೆ ದೊಡ್ಡ ನಾಯಕತ್ವ ಕಾಣುತ್ತದೆ. ಬೀದಿಯಲ್ಲಿ ಕೂತವರು ಬೇರೆ, ಸದನದಲ್ಲಿ ಕೂತವರು ಬೇರೆ, ಆದರೆ ಕೇಳಿದ್ದು ಒಂದೇ. ಇವರು ಬೇರೆ ವಿಷಯದಲ್ಲಿ ಏನು ಮಾಡಿದರು, ಬಿಟ್ಟರು, ಅದರ ಬಗ್ಗೆ ಬೇಕಾದಷ್ಟು ಜಗಳ ಆಡಬಹುದು. ನಾನೂ ಆಡುತ್ತೇನೆ. ಆದರೆ ಮನೆ ಬಾಗಿಲಿಗೆ ಬಂದವನಿಗೆ ಚೀಟಿ ಬರೆದು ಕೊಡುವುದು ಸುಲಭ. ಹಾಗೆ ಕೊಟ್ಟರೆ ಅವನು ಸಾಯುವವರೆಗೂ ನಮಸ್ಕಾರ ಹೊಡೆಯುತ್ತಾನೆ, ಓಟೂ ಹಾಕುತ್ತಾನೆ. ಚೀಟಿಯೇ ಬೇಡದಂತೆ ಕಾನೂನು ಮಾಡಿದರೆ ಯಾರೂ ನಮಸ್ಕಾರ ಹೊಡೆಯುವುದಿಲ್ಲ. ಇವತ್ತು ಸರ್ಟಿಫಿಕೇಟ್ ತಗೊಂಡು ಹೋಗುವ ಹುಡುಗರಲ್ಲಿ ಎಷ್ಟೋ ಜನಕ್ಕೆ ವೈಜನಾಥ ಪಾಟೀಲರ ಹೆಸರೇ ಗೊತ್ತಿಲ್ಲ. 2019ರಲ್ಲಿ ತೀರಿಕೊಂಡರು. ಗೊತ್ತಿಲ್ಲದ ಆ ಹುಡುಗನಿಗೂ ಸೀಟು ಸಿಗುತ್ತದಲ್ಲ, ಅದಕ್ಕಾಗಿಯೇ ನಾನು ಅವರನ್ನು ದೊಡ್ಡವರು ಅನ್ನುತ್ತೇನೆ.

ಈಗಿನ ನಾಯಕರಿಂದ ನನಗೆ ಬೇಕಾದದ್ದು ಹೊಸ ಭಾಷಣ ಅಲ್ಲ. ಇದ್ದದ್ದನ್ನು ನಡೆಸಿ ಸಾಕು. ಖಾಲಿ ಹುದ್ದೆ ತುಂಬದಿದ್ದರೆ ಶೇ. 85 ಕೊಟ್ಟರೂ ಹುಡುಗರ ಕೈಗೆ ಬರುವುದೇನು? ಗುಳೆ ಹೋದ ಕುಟುಂಬಗಳಿಗೆ ಪಂಚಾಯಿತಿಗೇ ಬಂದು ಕಾಗದ ಮಾಡಿಕೊಡುವ ಶಿಬಿರ ಇಡಿ. ಯುಗಾದಿಗೆ, ಊರ ಜಾತ್ರೆಗೆ ಅವರು ಊರಿಗೆ ಬಂದೇ ಬರುತ್ತಾರೆ. ಆ ವಾರದಲ್ಲಿ ಇಟ್ಟರೆ ಒಂದು ದಿನದ ಕೂಲಿಯೂ ಹೋಗುವುದಿಲ್ಲ.

ಅಂಕ ಕೊಡುವುದಾದರೆ ಕಾನೂನಿಗೆ ಐದಕ್ಕೆ ಐದು. ಕೌಂಟರಿಗೆ ಮೂರು.

ಮಾಡಿಸುವವರಿಗೆ ಒಂದು ಮಾತು. ಸಿಇಟಿ ಫಲಿತಾಂಶ ಬರಲಿ ಅಂತ ಕಾಯಬೇಡಿ, ಆಗ ನೂಕುನುಗ್ಗಲು. ದಸರಾ, ದೀಪಾವಳಿ ಹೊತ್ತಿಗೇ ಅರ್ಜಿ ಹಾಕಿ. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ಮೊದಲೇ ತರಿಸಿಟ್ಟುಕೊಳ್ಳಿ. ಮಗುವಿನ ಹೆಸರು, ಅಪ್ಪನ ಹೆಸರು ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಒಂದೇ ರೀತಿ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಓದಲು ಬರದಿದ್ದರೆ ಯಾವುದಾದರೂ ಜೆರಾಕ್ಸ್ ಅಂಗಡಿಯವರನ್ನು ಕೇಳಿ, ನೋಡಿ ಹೇಳುತ್ತಾರೆ.